ಸಿಪಾಯಿ ಕಲ್ಲಿಗೆ ಎರೆದ ಎಣ್ಣೆ

ನಮ್ಮ ಓಣಿಯ ತುದಿಯಲ್ಲಿ, ಗುಡ್ಡದ ಕಡೆಗೆ ಕಾಲುದಾರಿ ಶುರುವಾಗುವಲ್ಲಿ, ಸೊಂಟದೆತ್ತರದ ಒಂದು ಕಲ್ಲಿದೆ. ಅದರ ಮೇಲೊಂದು ಲೋಹದ ಫಲಕ. ನಾನು ಇಂಗ್ಲೆಂಡಿನ ಮ್ಯಾಕಲ್ಸ್‌ಫೀಲ್ಡಿಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಮೊದಮೊದಲು ಅದು ಗ್ಯಾಸಿನವರೋ ನೀರಿನವರೋ ನೆಟ್ಟ ಗುರುತಿನ ಕಲ್ಲು ಎಂದುಕೊಂಡು ದಿನಾ ದಾಟಿ ಹೋಗುತ್ತಿದ್ದೆ. ಅದನ್ನು ನಿಂತು ಓದಿದವಳು ನನ್ನ ಹೆಂಡತಿ. ಅವಳು ಇಂಗ್ಲಿಷ್ ಕಲಿತದ್ದೇ ಹಾಗೆ. ಬಸ್ ಸ್ಟಾಪಿನ ವೇಳಾಪಟ್ಟಿ, ಕಳೆದುಹೋದ ಬೆಕ್ಕಿನ ಚೀಟಿ, ಚರ್ಚಿನ ಬಾಗಿಲಿಗೆ ಹಚ್ಚಿದ ಕೇಕ್ ಮಾರಾಟದ ಕಾಗದ, ಒಂದನ್ನೂ ಬಿಡುತ್ತಿರಲಿಲ್ಲ.

ಫಲಕದಲ್ಲಿ ಇರುವುದು ಇಷ್ಟು. ಈ ಓಣಿಯ ಒಂದು ರೈತರ ಮನೆಯಲ್ಲಿ ಹುಟ್ಟಿದ ಮನುಷ್ಯ ಹರೆಯದಲ್ಲೇ ಹಡಗು ಹತ್ತಿ ಅಮೆರಿಕಕ್ಕೆ ಹೋದ. ಅಲ್ಲಿನ ಗಡಿಸೀಮೆಯಲ್ಲಿ ಕಾಡು ಕಡಿದು ಮನೆ ಕಟ್ಟಿದ, ಹೊಲ ಮಾಡಿದ. ಯುದ್ಧ ಬಂದಾಗ ಸಿಪಾಯಿಯಾಗಿ ಕಾದಿ ಸತ್ತ. ಸಮಾಧಿ ಎಲ್ಲಿದೆಯೋ ಯಾರಿಗೂ ತಿಳಿಯದು. ಹಾಗಾಗಿ ಹುಟ್ಟಿದೂರಿನವರು ಈ ಕಲ್ಲು ನಿಲ್ಲಿಸಿದ್ದಾರೆ. ಅವನ ಹೆಸರೂ ಅಲ್ಲಿದೆ. ಆದರೆ ನಾನು ಅವನನ್ನು ಸಿಪಾಯಿ ಎಂದೇ ಅನ್ನುವುದು. ಹೆಸರು ಹಿಡಿದು ಕರೆಯುವಷ್ಟು ಸಲಿಗೆ ನಮ್ಮಿಬ್ಬರಲ್ಲಿ ಇಲ್ಲ.

"ಏನ್ರೀ, ಇಲ್ಲಿ ನೋಡ್ರಿ. ಪಾಪ, ಈ ಮನಷ್ಯಾಗ ಮಣ್ಣೂ ಸಿಗಲಿಲ್ಲಂತ," ಎಂದಳು ಹೆಂಡತಿ, ಅವತ್ತು.

ನನಗೆ ಮೊದಲಿನಿಂದಲೂ ಯಾರ ಮೇಲೂ ಬೇಗ ಕನಿಕರ ಹುಟ್ಟುವುದಿಲ್ಲ. "ಪಾಪ ಏನ್ ಬಂತು? ಮಂದಿ ನೆಲದಾಗ ಹೋಗಿ ಹೊಲಾ ಮಾಡ್ಯಾನ. ಆ ನೆಲದಾವ್ರು ಆರತಿ ಎತ್ತತಾರೇನು?" ಎಂದೆ.

"ನಾವೂ ಮಂದಿ ನೆಲದಾಗ ಬಂದು ಕುಂತೀವಿ."

"ನಾವು ವೀಸಾ ತಗೊಂಡು ಬಂದೀವಿ."

"ವೀಸಾ ಇದ್ದಾಂವಗೂ ಇಲ್ಲದಾಂವಗೂ ಸತ್ತ ಮ್ಯಾಲೆ ಒಂದು ಕುಣಿ ಬೇಕಲ್ರಿ," ಎಂದಳು. ಹೆಣ ಹೂಳುವ ಗುಂಡಿಗೆ ನಮ್ಮ ಬಾಗಲಕೋಟೆ ಕಡೆ ಕುಣಿ ಎನ್ನುತ್ತೇವೆ. ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಮುಗಿದಿರಲಿಲ್ಲ. ಮುಂದಿನ ಸೋಮವಾರ ಪೂಜೆ ಮಾಡಿಕೊಂಡವಳು ಕೈಯಲ್ಲಿ ವಿಭೂತಿ ಹಿಡಿದು ಹೋಗಿ ಆ ಕಲ್ಲಿಗೆ ಮೂರು ಗೆರೆ ಎಳೆದು ಬಂದಳು. ಅಂದಿನಿಂದ ಅದೇ ಪಾಠ. ವಿಭೂತಿ ಸೋಮವಾರ ಹಚ್ಚಿದರೆ ಮಂಗಳವಾರದ ಮಳೆಗೆ ತೊಳೆದು ಹೋಗುತ್ತಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. "ಹಡದಾಕಿ ಎಷ್ಟ್ ದಿನಾ ಬಾಗಲಾಗ ನಿಂತು ಹಾದಿ ನೋಡಿದ್ಲೋ," ಎಂದು ಒಮ್ಮೊಮ್ಮೆ ಅನ್ನುವಳು, ಆ ತಾಯಿ ಪಕ್ಕದ ಮನೆಯವಳು ಎಂಬಂತೆ.

ಅವಳನ್ನು ಅಣಕಿಸುತ್ತಿದ್ದೆನಾದರೂ ಅದು ಎಲ್ಲಿಂದ ಬಂತು ಎನ್ನುವುದು ನನಗೆ ಗೊತ್ತಿತ್ತು. ನಮ್ಮೂರಿನ ಅಗಸೆ ಬಾಗಿಲ ಹೊರಗೆ ಒಂದು ವೀರಗಲ್ಲಿದೆ. ಯಾವ ಕಾಲದವನೋ, ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಕಾದಿ ಸತ್ತ ಒಬ್ಬ ಊರ ಮನುಷ್ಯ. ಕಲ್ಲಿನಲ್ಲಿ ಮೂರು ಅಂತಸ್ತು. ಕೆಳಗೆ ಅವನು ಕತ್ತಿ ಹಿರಿದು ನಿಂತಿದ್ದಾನೆ. ನಡುವೆ ಇಬ್ಬರು ಹೆಂಗಸರು ಅವನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಅವನು ಲಿಂಗದ ಮುಂದೆ ಕಾಲು ಮಡಿಸಿ ಕೂತಿದ್ದಾನೆ. ಅಮಾವಾಸ್ಯೆಗೆ ಮನೆಗೊಬ್ಬರು ಹೋಗಿ ಎಣ್ಣೆ ಎರೆದು ಬರುವುದು ರೂಢಿ. ಎಣ್ಣೆ ಕುಡಿದು ಕುಡಿದು ಆ ಕಲ್ಲು ಹೊಸ ಬಾಣಲೆಯ ಹಾಗೆ ಹೊಳೆಯುತ್ತಿತ್ತು. ಚಿಕ್ಕವನಿದ್ದಾಗ ನನಗೆ ಯುದ್ಧದ ಅಂತಸ್ತೇ ಇಷ್ಟ. ಈಗ ಕಣ್ಣು ಮೇಲಿನದಕ್ಕೇ ಹೋಗುತ್ತದೆ. ಇಲ್ಲಿನ ಸಿಪಾಯಿಯ ಫಲಕದಲ್ಲಿ ಯುದ್ಧ ಇದೆ, ಕೂತದ್ದು ಇಲ್ಲ.

ನಾನು ಮಾತ್ರೆ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ಶಿಫ್ಟ್ ಮುಗಿದ ಮೇಲೂ ಕಾಗದ ಮುಗಿಯುವುದಿಲ್ಲ. ಅಲ್ಲಿ ಪ್ರತಿಯೊಂದಕ್ಕೂ ಸಹಿ ಬೇಕು, ಬರೆದಿಡದ ಕೆಲಸ ಆಗಿಲ್ಲವೆಂದೇ ಲೆಕ್ಕ. ಓದದೆ ಸಹಿ ಹಾಕಿದವರನ್ನು ನಾನು ಎಲ್ಲರೆದುರು ಬೈದಿದ್ದೇನೆ. ಹೀಗಾಗಿ ಮನೆಗೆ ಬರುವುದು ಯಾವಾಗಲೂ ತಡ. ಬಾಗಿಲು ತೆಗೆದವಳು "ತಡಾ ಮಾಡಿದ್ರಿ" ಎನ್ನುವಳು. ಸಿಟ್ಟಿನಿಂದಲ್ಲ. ಗಡಿಯಾರ ಗಂಟೆ ಹೊಡೆದ ಹಾಗೆ ಅದೊಂದು ಮಾತು.

ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ ಅವಳು ಹೋದಳು. ಎದೆ ನೋವು ಎಂದಳು, ಆಂಬುಲೆನ್ಸ್ ಬಂತು, ಮೂರನೇ ದಿನ ಇರಲಿಲ್ಲ. ಅದನ್ನು ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ. ಅದರ ಮರುದಿನದ್ದನ್ನು ಬರೆಯಬೇಕು. ಏಕೆಂದರೆ ಅದು ನನ್ನ ತಪ್ಪು.

ಅಂತ್ಯಕ್ರಿಯೆ ನಡೆಸಿಕೊಡುವವರ ಕಚೇರಿಯಲ್ಲಿ ಕೂತಿದ್ದೆ. ಪಕ್ಕದಲ್ಲಿ ನನ್ನ ಕಾರ್ಖಾನೆಯ ಗೆಳೆಯ, ಬೆಂಗಳೂರಿನವನು, ಎರಡು ದಿನದಿಂದ ನನ್ನ ಜೊತೆಗೇ ಇದ್ದ. ಅರ್ಜಿಯಲ್ಲಿ ಧರ್ಮದ ಮುಂದೆ ಹಿಂದೂ ಎಂದು ಬರೆದೆ. ಡಾಕ್ಟರ ಹತ್ತಿರ, ಶಾಲೆಯ ಹತ್ತಿರ, ಎಲ್ಲ ಅರ್ಜಿಗಳಲ್ಲೂ ಹಾಗೇ ಬರೆದು ಕೈಗೆ ರೂಢಿ. ಮೇಜಿನಾಚೆಯ ಹೆಂಗಸು ಬಹಳ ಮೆತ್ತಗಿನ ದನಿಯಲ್ಲಿ, "ಹಾಗಾದರೆ ದಹನ, ಅಲ್ಲವೇ?" ಎಂದು ಕೇಳಿದಳು.

ಗೆಳೆಯ ನನ್ನ ಕೈ ಹಿಡಿದು, "ಹೌದು ಸರ್, ಸ್ಲಾಟ್ ಬೇಗ ಸಿಗತ್ತಂತೆ. ನೀವೇನೂ ಯೋಚನೆ ಮಾಡ್ಬೇಡಿ," ಎಂದ.

ನಾವು ಲಿಂಗಾಯತರು. ನಮ್ಮಲ್ಲಿ ಸುಡುವುದಿಲ್ಲ. ಸತ್ತವರನ್ನು ಕೂರಿಸಿ, ಜೀವಮಾನವಿಡೀ ಕೊರಳಲ್ಲಿದ್ದ ಲಿಂಗವನ್ನು ಅಂಗೈಯಲ್ಲಿಟ್ಟು, ವಿಭೂತಿ, ಪತ್ರೆ ಹಾಕಿ ಮಣ್ಣು ಕೊಡುತ್ತೇವೆ. ಯಾರಾದರೂ ತೀರಿಕೊಂಡರೆ ನಮ್ಮ ಕಡೆಯವರು ಹೇಳುವುದೇ "ಮಣ್ಣಿಗೆ ಹೋಗಿದ್ದೆ" ಎಂದು. ಇದನ್ನು ಆ ಹೆಂಗಸಿಗೆ ಹೇಳಲು ನಾಲ್ಕು ವಾಕ್ಯ ಸಾಕಿತ್ತು. ಆದರೆ ಕೂರಿಸಿ ಹೂಳಲು ಇಲ್ಲಿ ಬಿಡುತ್ತಾರೋ ಇಲ್ಲವೋ, ಯಾರನ್ನು ಕೇಳಬೇಕೋ, ಎಷ್ಟು ದಿನ ಅವಳನ್ನು ಆ ತಣ್ಣನೆಯ ಕೋಣೆಯಲ್ಲಿ ಇಡುತ್ತಾರೋ, ಎಲ್ಲವೂ ಒಟ್ಟಿಗೆ ತಲೆಗೆ ಬಂದು ಬಾಯಿ ಕಟ್ಟಿತು. ಗೋಣು ಹಾಕಿದೆ. ಕಾಗದ ತಿರುಗಿಸಿ ಕೊಟ್ಟಳು, ಓದದೆ ಸಹಿ ಮಾಡಿದೆ.

ಮಗಳು ಲೀಡ್ಸಿನಿಂದ ಬಂದಿದ್ದಳು. ಇಲ್ಲೇ ಹುಟ್ಟಿದವಳು, ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಕಾರಿನಲ್ಲಿ ಕೇಳಿದಳು, "ಅಮ್ಮನಿಗೆ ಇದೇ ಬೇಕಾಗಿತ್ತಾ ಅಪ್ಪಾ?" ನಾನು ಹೌದು ಎಂದೆ. ಕಿಟಕಿಯ ಕಡೆ ನೋಡುತ್ತ ಎಂದೆ.

ಎಲ್ಲ ಮುಗಿದ ಮೇಲೆ ಆ ಕಚೇರಿಯವರು ನನ್ನ ಕೈಗೆ ಒಂದು ಲಕೋಟೆ ಕೊಟ್ಟರು. ಒಲೆಗೆ ಹಾಕುವ ಮುಂಚೆ ಮೈಮೇಲಿನ ವಸ್ತು ತೆಗೆಯಬೇಕಂತೆ. ಬಳೆ, ಉಂಗುರ, ತಾಳಿ. ಅವುಗಳ ಜೊತೆ ಬೆಳ್ಳಿಯ ಕರಡಿಗೆ, ಒಳಗೆ ಲಿಂಗ. ಹೆತ್ತವರ ಮನೆಯಲ್ಲಿ ಕಟ್ಟಿಸಿಕೊಂಡ ದಿನದಿಂದ ಅವಳು ಅದನ್ನು ಕೊರಳಿಂದ ಇಳಿಸಿರಲಿಲ್ಲ. ಸ್ಕ್ಯಾನ್ ಮಾಡುವಾಗಲೂ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳಂತೆ, ನರ್ಸ್ ಹೇಳಿದ್ದಳು.

ಆ ಸಂಜೆ ಬರ್ಮಿಂಗ್‌ಹ್ಯಾಮಿನಿಂದ ಫೋನ್ ಬಂತು. ಅಲ್ಲಿ ನಮ್ಮವರೇ ಒಬ್ಬ ಹಿರಿಯ ಡಾಕ್ಟರು ಇದ್ದಾರೆ, ನಾವೆಲ್ಲ ಅವರನ್ನು ಕಾಕಾ ಎನ್ನುತ್ತೇವೆ. ಊರಿಗೆ ಹೋಗಿದ್ದವರು ಅಂದೇ ಇಳಿದಿದ್ದರು. ಸಮಾಧಾನ ಹೇಳಿ ಕೊನೆಗೆ, "ಮಣ್ಣು ಎಲ್ಲಿ ಕೊಟ್ರಿ?" ಎಂದು ಕೇಳಿದರು. ನಾನು ಸುಮ್ಮನಿದ್ದೆ. ಅವರಿಗೆ ತಿಳಿಯಿತು. "ಇರ್ಲಿ ಬಿಡು. ಉಂಡು ಮಲಕ್ಕೋ," ಎಂದು ಇಟ್ಟುಬಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಬೂದಿ ಬಂತು. ಹಸಿರು ಪ್ಲಾಸ್ಟಿಕ್ ಡಬ್ಬಿ, ಮೇಲೆ ಅವಳ ಹೆಸರಿನ ಚೀಟಿ. ಏನು ಮಾಡಬೇಕು ಎನ್ನುವುದು ನನಗೆ ನಿಜವಾಗಿ ಗೊತ್ತಿರಲಿಲ್ಲ. ನಮ್ಮಲ್ಲಿ ಅದಕ್ಕೊಂದು ಶಾಸ್ತ್ರವೇ ಇಲ್ಲ. ನಮಗೆ ಗೊತ್ತಿರುವ ಬೂದಿ ಹಣೆಗೆ ಹಚ್ಚುವುದೊಂದೇ. "ನದಿಗೆ ಬಿಡಿ ಸರ್, ಲೆಸ್ಟರ್ ಕಡೆ ಒಂದು ಜಾಗ ಇದೆ, ನಮ್ಮ ಜನ ಎಲ್ಲ ಅಲ್ಲೇ ಹೋಗ್ತಾರೆ," ಎಂದ ಗೆಳೆಯ. ಬೆಂಕಿಗೆ ಕೊಟ್ಟದ್ದು ಸಾಲದೆ ನೀರಿಗೂ ಕೊಡಲೇ ಎನಿಸಿತು. ಕಾರ್ಖಾನೆಯಲ್ಲಿ ಒಂದು ಬ್ಯಾಚಿನಲ್ಲಿ ತಪ್ಪಾದರೆ ಅದನ್ನು ಕೂಡಲೇ ಎಸೆಯುವುದಿಲ್ಲ, ಹೊರಗೂ ಕಳಿಸುವುದಿಲ್ಲ. ಚೀಟಿ ಹಚ್ಚಿ, ತೀರ್ಮಾನವಾಗುವ ತನಕ ಬೇರೆ ಕಡೆ ಎತ್ತಿಡುತ್ತಾರೆ. ನಾನೂ ಹಾಗೇ ಮಾಡಿದೆ. ಮಹಡಿಯಲ್ಲಿ ನೀರು ಕಾಯಿಸುವ ಬಾಯ್ಲರ್ ಇರುವ ಕಪಾಟಿನಲ್ಲಿ, ಟವೆಲ್ಲುಗಳು ಬೆಚ್ಚಗಿರುವ ಹಲಗೆಯ ಮೇಲೆ, ಡಬ್ಬಿ ಇಟ್ಟು ಪಕ್ಕದಲ್ಲಿ ಲಕೋಟೆ ಇಟ್ಟೆ. ಮನೆಯಲ್ಲಿ ಅದೇ ಅತಿ ಬೆಚ್ಚಗಿನ ಜಾಗ. ಡ್ಯೂಟಿಗೆ ಹೊರಡುವಾಗ ಕಪಾಟು ತೆಗೆದು "ಬರ್ತೀನಿ" ಎನ್ನುತ್ತಿದ್ದೆ.

ಒಂದು ಅಮಾವಾಸ್ಯೆ. ರಜೆ ಇತ್ತು. ಮನೆಯಲ್ಲಿ ಕೂತು ಕೂತು ಗೋಡೆಗಳು ಮೈಮೇಲೆ ಬಂದಂತಾಗಿ ಎದ್ದೆ. ಅವಳ ವಿಭೂತಿ ಗಟ್ಟಿ ತೆಗೆದುಕೊಂಡೆ. ಹಾಗೇ ಅಡಿಗೆಮನೆಯಿಂದ ಒಂದು ಬಟ್ಟಲು ಎಣ್ಣೆ. ಊರಲ್ಲಾದರೆ ಕುಸುಬಿ ಎಣ್ಣೆ, ಇಲ್ಲಿ ಸೂರ್ಯಕಾಂತಿಯದು. ಹೋಗಿ ಸಿಪಾಯಿಗೆ ಮೂರು ಗೆರೆ ಎಳೆದು ತಲೆಯ ಮೇಲಿಂದ ಎಣ್ಣೆ ಎರೆದೆ. ಅವಳು ಎಂದೂ ಎಣ್ಣೆ ಎರೆದಿರಲಿಲ್ಲ, ಈ ಊರಿನ ಕಲ್ಲಿನ ಬಗ್ಗೆ ಅವಳಿಗೆ ನನಗಿಂತ ಹೆಚ್ಚು ತಿಳುವಳಿಕೆ ಇತ್ತೆಂದು ಕಾಣುತ್ತದೆ. ಆದರೆ ನನಗೆ ಆ ದಿನ ಬಹಳ ಹಗುರೆನಿಸಿತು. ಮುಂದಿನ ಅಮಾವಾಸ್ಯೆಗೂ ಹೋದೆ. ಅದರ ಮುಂದಿನದಕ್ಕೂ.

ಅವನ ಜೊತೆ ಮಾತಾಡಲು ಶುರುಮಾಡಿದೆ. ನಾಯಿ ಕರೆದುಕೊಂಡು ಬರುವವರು ಕಂಡರೆ ಫೋನ್ ಕಿವಿಗೆ ಹಿಡಿಯುತ್ತಿದ್ದೆ. ಕಾಡು ಕಡಿಯುವಾಗ ಯಾರ ಹತ್ತಿರ ಮಾತಾಡುತ್ತಿದ್ದೆಯಪ್ಪಾ ಎಂದು ಕೇಳುತ್ತಿದ್ದೆ. ಹೆಂಡತಿ ಇದ್ದಳೇ? ಅವಳಿಗಾದರೂ ಮಣ್ಣು ಕೊಟ್ಟೆಯಾ? ಫಲಕದಲ್ಲಿ ಅದೂ ಇಲ್ಲ. ಅವನು ಕಸಿದುಕೊಂಡ ನೆಲ ಯಾರದೆಂಬುದೂ ಇಲ್ಲ. ಅಷ್ಟು ದೊಡ್ಡ ನೆಲ ಹಿಡಿದವನಿಗೆ ಕಡೆಗೆ ಅದೇ ನೆಲದಲ್ಲಿ ಒಂದು ಗುರುತು ಉಳಿಯಲಿಲ್ಲ. ಹಾಗೆಂದು ಅವನ ಮೇಲೆ ನನಗೆ ಮೊದಲಿನ ಸಿಟ್ಟೂ ಉಳಿಯಲಿಲ್ಲ. ನಾವಿಬ್ಬರೂ ಮಾಡಬಾರದ್ದನ್ನು ಮಾಡಿ ಬಾಯಿ ಮುಚ್ಚಿಕೊಂಡವರು.

ವಿಭೂತಿಯನ್ನು ಮಳೆ ತೊಳೆಯುತ್ತಿತ್ತು, ಎಣ್ಣೆಯನ್ನು ತೊಳೆಯಲಿಲ್ಲ. ಇಲ್ಲಿಯ ಕಲ್ಲು ಮರಳುಗಲ್ಲು, ಎರೆದದ್ದನ್ನೆಲ್ಲ ಕುಡಿಯುತ್ತದೆ. ಬರುಬರುತ್ತ ತಲೆಯಿಂದ ಬುಡದ ತನಕ ಕಪ್ಪು ಕಲೆ ಇಳಿಯಿತು. ಅದರ ಮೇಲೆ ಧೂಳು, ಹುಳ. ಈ ವರ್ಷ ವಸಂತದಲ್ಲಿ ಒಂದು ಬೆಳಿಗ್ಗೆ ಕಲ್ಲಿಗೆ ಪ್ಲಾಸ್ಟಿಕ್ ಹಾಳೆಯೊಳಗಿಟ್ಟ ಚೀಟಿ ಕಟ್ಟಿತ್ತು. ಯಾರೋ ಈ ಸ್ಮಾರಕಕ್ಕೆ ಜಿಡ್ಡು ಸುರಿದು ಹಾಳು ಮಾಡುತ್ತಿದ್ದಾರೆ, ದಯವಿಟ್ಟು ನಿಲ್ಲಿಸಿ, ಶನಿವಾರ ಹತ್ತು ಗಂಟೆಗೆ ತೊಳೆಯುತ್ತೇವೆ, ನೆರವಾಗುವವರು ಬನ್ನಿ, ಎಂದು.

ಗೌರವ ಮಾಡಲು ಹೋಗಿ ಹಾಳು ಮಾಡಿದ್ದೆ. ಇದು ಎರಡನೇ ಸಲ. ಮೊದಲನೆಯದಕ್ಕೆ ಬಾಯಿ ಬಿಟ್ಟಿರಲಿಲ್ಲ. ಇದಕ್ಕಾದರೂ ಬಿಡೋಣ ಎಂದುಕೊಂಡು ಶನಿವಾರ ಬಕೆಟ್ಟು, ಬ್ರಷ್ಷು ಹಿಡಿದು ಹತ್ತಕ್ಕೆ ಐದು ನಿಮಿಷ ಇರುವಾಗಲೇ ಹೋದೆ.

ಬಂದಿದ್ದವಳು ಒಬ್ಬಳೇ. ಎಪ್ಪತ್ತು ದಾಟಿದ ಹೆಂಗಸು, ಊರಿನ ಇತಿಹಾಸ ನೋಡಿಕೊಳ್ಳುವ ನಾಲ್ಕು ಜನರಲ್ಲಿ ಒಬ್ಬಳು. ಹಿಂದೆ ಶಾಲೆಯಲ್ಲಿ ಕಲಿಸುತ್ತಿದ್ದಳಂತೆ. ಮೊಣಕಾಲಿನ ಕೆಳಗೆ ದಿಂಬು ಹಾಕಿಕೊಂಡು ಉಜ್ಜುತ್ತಿದ್ದಳು.

"ಇದನ್ನು ಮಾಡಿದ್ದು ನಾನು," ಎಂದೆ.

ಬ್ರಷ್ ನಿಂತಿತು. "ಯಾಕೆ?" ಎಂದಳು, ಮಗ್ಗಿ ತಪ್ಪಿದವನನ್ನು ಕೇಳುವ ಹಾಗೆ.

ನಮ್ಮ ಕಡೆ ಸಿಪಾಯಿಗಳ ಕಲ್ಲಿಗೆ ಎಣ್ಣೆ ಎರೆಯುತ್ತೇವೆ ಎಂದೆ. ಅದು ಅವಮಾನವಲ್ಲ, ಮರ್ಯಾದೆ ಎಂದೆ. ಮೊದಲು ನನ್ನ ಹೆಂಡತಿ ವಿಭೂತಿ ಹಚ್ಚುತ್ತಿದ್ದಳು, ಇವನಿಗೆ ಮಣ್ಣು ಸಿಗಲಿಲ್ಲ ಎಂದು ಮರುಗುತ್ತಿದ್ದಳು, ಅವಳು ಹೋದ ಮೇಲೆ ನಾನು ಎಣ್ಣೆ ಶುರುಮಾಡಿದೆ ಎಂದೆ. ಆ ಹೆಂಗಸು ನಗಲಿಲ್ಲ. "ಇವನಿಗೆ ಹೂ ಇಟ್ಟವರೂ ಇಲ್ಲ, ಎಣ್ಣೆಯ ಮಾತಂತೂ ದೂರ," ಎಂದು ಪಕ್ಕಕ್ಕೆ ಸರಿದು ನನಗೂ ಜಾಗ ಬಿಟ್ಟಳು. ಇಬ್ಬರೂ ಉಜ್ಜಿದೆವು. ಕಲೆ ತಿಳಿಯಾಯಿತು, ಪೂರ್ತಿ ಹೋಗಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು, "ನಿನ್ನ ಹೆಂಡತಿ ಎಲ್ಲಿದ್ದಾಳೆ?"

ಯಾವ ಸ್ಮಶಾನದಲ್ಲಿ ಎಂಬುದು ಅವಳ ಪ್ರಶ್ನೆ. ನನಗೆ ಸುಳ್ಳು ಹೇಳಲು ಆಗಲಿಲ್ಲ. "ಬಾಯ್ಲರ್ ಕಪಾಟಿನಲ್ಲಿ," ಎಂದೆ. ಹೇಳಿದ್ದೇ ತಡ, ಅಳು ಬಂದುಬಿಟ್ಟಿತು. ಅರವತ್ತರ ಹತ್ತಿರದ ಗಂಡಸು, ಕೈಯಲ್ಲಿ ಸೋಪಿನ ಬ್ರಷ್ಷು, ಬಿಕ್ಕಿ ಬಿಕ್ಕಿ ಅತ್ತೆ. ನಾವು ಸುಡುವವರಲ್ಲ, ನಾನು ಗೋಣು ಹಾಕಿದೆ, ಈಗ ಬೂದಿಗೆ ದಾರಿಯಿಲ್ಲ ಎಂದು ಒದರಿದೆ.

ಅವಳಿಗೆ ನನ್ನ ಅಳುವಿಗಿಂತ ನನ್ನ ದಡ್ಡತನವೇ ಆಶ್ಚರ್ಯ ತಂದಂತಿತ್ತು. "ಆದರೆ ಬೂದಿಯನ್ನೂ ಹೂಳಬಹುದಲ್ಲ," ಎಂದಳು. "ಊರ ಸ್ಮಶಾನದಲ್ಲಿ ಅದಕ್ಕೆಂದೇ ಚಿಕ್ಕ ಜಾಗಗಳಿವೆ. ನನ್ನ ಗಂಡ ಅಲ್ಲೇ ಇದ್ದಾನೆ. ಕೌನ್ಸಿಲ್‌ಗೆ ಫೋನ್ ಮಾಡು."

ಇಷ್ಟೇ. ಎರಡು ವರ್ಷ ನಾನು ಕೇಳದೇ ಇದ್ದದ್ದು ಇಷ್ಟೇ. ಸುಟ್ಟ ಮೇಲೆ ನೀರೊಂದೇ ದಾರಿ ಎಂದು ನಂಬಿ ಕೂತಿದ್ದೆ. ಕಂಡವರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಬೇಕಾದರೆ ತಪ್ಪನ್ನು ಹೇಳಬೇಕಿತ್ತು.

ಆ ಮಧ್ಯಾಹ್ನ ಮೊದಲು ಮಗಳಿಗೆ ಫೋನ್ ಮಾಡಿದೆ. ಅಮ್ಮನಿಗೆ ಅದು ಬೇಕಾಗಿರಲಿಲ್ಲ, ನಾನು ನಿನಗೆ ಸುಳ್ಳು ಹೇಳಿದೆ ಎಂದೆ. ಅವಳು ಇಂಗ್ಲಿಷಿನಲ್ಲಿ, "ನನಗೆ ಸಿಟ್ಟು ಬಂದಿದೆ ಅಪ್ಪಾ. ಯಾವ ದಿನ ಅಂತ ಹೇಳು, ಬರ್ತೀನಿ," ಎಂದಳು. ಆ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ. ನನ್ನ ಪಾಲಿನದು, ಉಣ್ಣುತ್ತೇನೆ.

ಆಮೇಲೆ ಕಾಕಾ. ಬೂದಿಗೆ ಮಣ್ಣು ಕೊಡೋದು ನಮ್ಮ ಶಾಸ್ತ್ರದಾಗ ಐತೇನ್ರಿ ಎಂದು ಕೇಳಿದೆ.

"ನಂಗ ಗೊತ್ತಿಲ್ಲೋ ತಮ್ಮಾ," ಎಂದರು. ಆಮೇಲೆ, "ಲಿಂಗ ಐತಿ?" ಎಂದರು.

"ಐತ್ರಿ."

"ಹಂಗಾರ ನಾ ಮಣ್ಣಿಗೆ ಬರ್ತೀನಿ," ಎಂದರು. ಎರಡು ವರ್ಷದಿಂದ ನನಗೆ ಆ ಮಾತನ್ನು ಯಾರೂ ಹೇಳಿರಲಿಲ್ಲ.

ಒಂದು ಬುಧವಾರ ಹೋದೆವು. ಮಗಳು, ಕಾಕಾ, ಬೆಂಗಳೂರಿನ ಗೆಳೆಯ, ನಾನು. ಕಲ್ಲು ತೊಳೆದ ಟೀಚರಮ್ಮ ದೂರದಲ್ಲಿ ತನ್ನ ಗಂಡನ ಜಾಗದ ಹತ್ತಿರ ನಿಂತಿದ್ದಳು. ಡಬ್ಬಿಯ ಬೂದಿಯನ್ನು ಒಂದು ಮರದ ಪೆಟ್ಟಿಗೆಗೆ ಹಾಕಿದ್ದೆವು. ಕುಣಿ ಒಂದು ಮೊಳ ಅಗಲವೂ ಇರಲಿಲ್ಲ. ಕೆಲಸದವನು ಪೆಟ್ಟಿಗೆಯನ್ನು ಅಡ್ಡ ಇಡಲು ಹೋದ. ಕಾಕಾ ಅವನ ಭುಜ ಮುಟ್ಟಿ, ನಿಲ್ಲಿಸಿ ಇಡಪ್ಪಾ ಎಂದರು. ನನ್ನ ಕಡೆ ತಿರುಗಿ, "ಕುಂತಂಗ ಇರ್ಲಿ," ಎಂದರು. ನಾನು ಲಕೋಟೆಯಿಂದ ಕರಡಿಗೆ ತೆಗೆದು, ಲಿಂಗವನ್ನು ಪೆಟ್ಟಿಗೆಯ ಮುಂದೆ ಇಟ್ಟೆ. ಅವರು ತಂದ ವಿಭೂತಿ, ಒಣಗಿದ ಪತ್ರೆ. ಮಗಳು ಮೊದಲ ಹಿಡಿ ಮಣ್ಣು ಹಾಕಿದಳು. ನಾನು ಹಾಕುವಾಗ ಬೇರೇನೂ ತೋಚಲಿಲ್ಲ. "ತಡಾ ಮಾಡಿದೆ," ಎಂದೆ.

ಅವರೆಲ್ಲ ಉಂಡು ಸಂಜೆಗೆ ಮುಂಚೆ ಹೋದರು. ಮರುದಿನ ಡ್ಯೂಟಿ. ಕೋಟು ಹಾಕಿಕೊಂಡು ರೂಢಿಯಂತೆ ಮಹಡಿ ಹತ್ತಿ ಕಪಾಟು ತೆಗೆದೆ. ಟವೆಲ್ಲುಗಳ ನಡುವೆ ಡಬ್ಬಿಯಷ್ಟಗಲ ಜಾಗ ಖಾಲಿ ಇತ್ತು. ಇಷ್ಟು ದಿನ ಈ ಮನೆಯಲ್ಲಿ ಒಬ್ಬನೇ ಇದ್ದೇನೆ ಎಂದು ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ್ದೆ. ಒಬ್ಬನೇ ಆದದ್ದು ಅಂದು ಬೆಳಿಗ್ಗೆ. ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತೆ. ಆಮೇಲೆ ಟವೆಲ್ಲುಗಳನ್ನು ಸರಿಸಿ ಆ ಜಾಗ ಮುಚ್ಚಿದೆ.

ಓಣಿಯ ತುದಿಯಲ್ಲಿ ಸಿಪಾಯಿಯ ಕಲ್ಲಿನ ಮೇಲೆ ತಿಳಿಯಾದ ಕಲೆ ಹಾಗೇ ಇದೆ. ಸೋಮವಾರ ಮೂರು ಗೆರೆ ಎಳೆಯುತ್ತೇನೆ. ಎಣ್ಣೆ ಇಲ್ಲ, ಟೀಚರಮ್ಮನಿಗೆ ಮಾತು ಕೊಟ್ಟಿದ್ದೇನೆ. ಸ್ಮಶಾನ ಕಾರ್ಖಾನೆಯ ದಾರಿಯಲ್ಲೇ ಇದೆ. ಈಗ ಡ್ಯೂಟಿಗೆ ಅರ್ಧ ತಾಸು ಮುಂಚೆ ಮನೆ ಬಿಡುತ್ತೇನೆ. "ಬರ್ತೀನಿ" ಎಂದು ಹೇಳಿ ಹೋಗುವುದು ಈಗ ಅಲ್ಲಿ ನಿಂತು.